ಕಣದಲ್ಲಿ ಗರಿಕೆ ಬೆಳೆಸಿದವನು

ಹೋದ ತಿಂಗಳು ನಮ್ಮ ಕಾರ್ಖಾನೆಯ ನಿವೃತ್ತರ ಸಂಘದವರು ತೀರಿಕೊಂಡ ನನ್ನ ಗೆಳೆಯನಿಗೊಂದು ಶ್ರದ್ಧಾಂಜಲಿ ಸಭೆ ಮಾಡಿದರು. ಫೋಟೋ ಇಟ್ಟರು, ಸುಗಂಧರಾಜದ ಹಾರ ಹಾಕಿದರು, ಎದ್ದು ನಿಂತು ಮೌನ ಆಚರಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲರ ಮರ್ಯಾದೆಯೂ ಉಳಿಯುತ್ತಿತ್ತು. ಒಂದು ಕಾಲದಲ್ಲಿ ನಮ್ಮ ಕ್ರಿಕೆಟ್ ತಂಡದ ಹನ್ನೆರಡನೆಯ ಆಟಗಾರರಾಗಿದ್ದು, ಮುಂದೆ ದೊಡ್ಡ ಆಫೀಸರಾಗಿ ನಿವೃತ್ತರಾದ ಮಹನೀಯರೊಬ್ಬರು ಮೈಕ್ ಹಿಡಿದರು. "ನಮ್ಮ ಬೌಲರ್ ಸಾಹೇಬ್ರು ಇಂಗ್ಲೆಂಡಿಗೆ ಆಡೋಕ್ ಹೋಗಿ, ಸೀಸನ್ ಮುಗಿಯೋಕ್ ಮುಂಚೇನೇ ಯಾಕ್ ಓಡ್ಬಂದ್ರು ಗೊತ್ತೇನ್ರೀ? ಅಲ್ಲಿ ಮುದ್ದೆ ಸಿಗಲಿಲ್ವಂತೆ!" ಎಂದರು. ಸಭೆ ಗೊಳ್ಳೆಂದು ನಕ್ಕಿತು. ಹಾರ ಹಾಕಿಸಿಕೊಂಡವನು ಎದ್ದು ಬಂದು ಉತ್ತರ ಕೊಡುವ ಹಾಗಿರಲಿಲ್ಲ. ನಾನು ಕಾಫಿಗೂ ನಿಲ್ಲದೆ ಹೊರಗೆ ಬಂದುಬಿಟ್ಟೆ.

ಮುದ್ದೆಯಂತೆ! ಅವನು ಹೊರಡುವ ಮುಂಚೆ ಮುದ್ದೆ ತಿರುವುವುದನ್ನು ಕಲಿತು, ರಾಗಿ ಹಿಟ್ಟನ್ನೂ ಕೋಲನ್ನೂ ಟ್ರಂಕಿಗೆ ಹಾಕಿಕೊಂಡು ಹೋಗಿದ್ದ. ಅಲ್ಲಿ ಅವನಿಗೆ ಕೋಣೆ ಕೊಟ್ಟಿದ್ದ ಮುದುಕಿಗೂ ಒಂದು ದಿನ ಮುದ್ದೆ ತಿನ್ನಿಸಿ, ಅಗಿಯಬಾರದು, ನುಂಗಬೇಕು ಎಂದು ಪಾಠ ಹೇಳಿದ್ದ. ಅಂಥವನು ಮುದ್ದೆಗಾಗಿ ಓಡಿಬಂದನೆಂದರೆ ನಂಬಬೇಕೆ? ಅವನು ಯಾಕೆ ವಾಪಸ್ಸು ಬಂದನೆಂದು ಆ ಮೈಕ್ ಹಿಡಿದವರಿಗೆ ಗೊತ್ತಿತ್ತು. ನನ್ನೆದುರಿಗೇ ಅವನು ಅವರಿಗೆ ಹೇಳಿದ್ದ. ಗೊತ್ತಿದ್ದೂ ಸತ್ತವನನ್ನು ಪುಕ್ಕಲನನ್ನಾಗಿ ಮಾಡಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವನೂ ನಾನೂ ಒಂದೇ ಊರಿನವರು. ಯಲಹಂಕದಿಂದ ಅಟ್ಟೂರಿನ ಕಡೆಗೆ ಹೋಗುವಾಗ ಸಿಗುವ ಊರು. ಅವನ ತಂದೆ ಊರಿನ ದೊಡ್ಡ ಗೌಡರು. ದ್ರಾಕ್ಷಿ ತೋಟ, ರಾಗಿ ಹೊಲ, ಮನೆ ತುಂಬ ಜನ. ನಮ್ಮ ಮನೆ ಊರಾಚೆಯ ಕೇರಿಯಲ್ಲಿ. ಊರಿನವರು ಮುಟ್ಟಿಸಿಕೊಳ್ಳದ ಜಾತಿ ನಮ್ಮದು. ನಮ್ಮಪ್ಪ ಗೌಡರ ಹೊಲದಲ್ಲೇ ಕೂಲಿ. ಜಾಲಹಳ್ಳಿಯಲ್ಲಿ ಕಾರ್ಖಾನೆ ಆದಾಗ ನಾವಿಬ್ಬರೂ ಒಟ್ಟಿಗೇ ಅಪ್ರೆಂಟಿಸ್‌ಗಳಾಗಿ ಸೇರಿದೆವು. ದಿನಾ ಸೈಕಲ್ಲಿನಲ್ಲಿ ಜೊತೆಯಾಗಿ ಹೋಗಿ ಬರುತ್ತಿದ್ದೆವು. ಸಾಯಂಕಾಲ ಊರು ಹತ್ತಿರವಾಗುತ್ತಿದ್ದ ಹಾಗೆ ನಾನು ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕು, ಅವನು ಗಂಟೆ ಬಾರಿಸಿಕೊಂಡು ಮುಂದೆ ಹೋಗುತ್ತಿದ್ದ. ಕಾರ್ಖಾನೆಯಲ್ಲಿ ಅವನು ನನಗೆ "ಲೋ", "ಗುರು"; ಊರಿನಲ್ಲಿ ಅವನು "ಚಿಕ್ಕಗೌಡ್ರು". ಈ ಎರಡು ನಾಲಿಗೆಯ ಬಾಳು ನನಗೆ ಅಭ್ಯಾಸವಾಗಿತ್ತು. ಅವನು ಅದನ್ನು ಗಮನಿಸಿಯೇ ಇರಲಿಲ್ಲ.

ಅವನು ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವನನ್ನು ಬೈಯುವುದಿದೆ. ಬಾಯಿಬಡುಕ. ಸ್ವಲ್ಪ ಜಂಬದವನೇ. ಶರ್ಟಿನ ತೋಳನ್ನು ಮೊಳಕೈ ತನಕ ಮಡಿಸಿಕೊಂಡು ತನ್ನ ಮಣಿಕಟ್ಟು ಜನಕ್ಕೆ ಕಾಣಲಿ ಎಂದು ಓಡಾಡುತ್ತಿದ್ದ. ಅವನ ಬಲಗೈ ಸುಮ್ಮನಿದ್ದುದನ್ನು ನೋಡಿದವರಿಲ್ಲ. ಯಶವಂತಪುರದ ಸಂತೆಗೆ ಹೋದರೆ ಈರುಳ್ಳಿ, ಆಲೂಗಡ್ಡೆ, ನಿಂಬೆಹಣ್ಣು, ಕೈಗೆ ಸಿಕ್ಕಿದ್ದನ್ನೆಲ್ಲ ಬೆರಳಲ್ಲಿ ತಿರುಗಿಸಿ ಗಾಳಿಗೆ ಹಾರಿಸಿ ಹಿಡಿಯುವುದು. "ತಗೊಳಂಗಿದ್ರೆ ತಗೊಳ್ಳಿ ಸ್ವಾಮಿ, ಸರ್ಕಸ್ ಬ್ಯಾಡ" ಎಂದು ಮಾರುವ ಹೆಂಗಸರು ಗದರುತ್ತಿದ್ದರು. ಲೆಗ್ ಸ್ಪಿನ್ ಹಾಕುವುದರಲ್ಲಿ ನಮ್ಮ ಕಡೆಯ ಕಾರ್ಖಾನೆ ತಂಡಗಳಲ್ಲಿ ಅವನಿಗೆ ಸಮನಾದವರು ಇರಲಿಲ್ಲ. "ಬಾಲು ಸುಳ್ಳು ಹೇಳ್ಬೇಕು, ಬೌಲರ್ ಹೇಳ್ಬಾರ್ದು" ಎಂದು ಹೇಳುವುದು ಅವನ ಅಭ್ಯಾಸ. ಔಟ್ ಅಲ್ಲದ್ದಕ್ಕೆ ಅವನು ಅಂಪೈರನ್ನು ಕೇಳುತ್ತಿರಲಿಲ್ಲ. ನಾನು ಹಿಂದಿನಿಂದ ಕೂಗಿದರೂ ಕಣ್ಣು ಬಿಟ್ಟು ಸುಮ್ಮನಾಗಿಸುತ್ತಿದ್ದ. ನಾನು ಅವನ ವಿಕೆಟ್ ಕೀಪರ್. ಅವನ ಚೆಂಡು ಯಾವ ಕಡೆ ತಿರುಗುತ್ತದೆಂದು ಕೈ ನೋಡಿಯೇ ಹೇಳಬಲ್ಲವನು ಇಡೀ ತಂಡದಲ್ಲಿ ನಾನೊಬ್ಬನೇ.

ಚೀನಾ ಯುದ್ಧಕ್ಕೆ ಮುಂಚಿನ ಮಾತು. ಹೊಸ ಮೆಷಿನ್‌ಗಳನ್ನು ಕೂರಿಸಲು ಇಂಗ್ಲೆಂಡಿನಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಭಾನುವಾರ ನಮ್ಮ ಜೊತೆ ಆಡುತ್ತಿದ್ದ. ಇವನ ಗೂಗ್ಲಿಗೆ, ಅಂದರೆ ಎಣಿಸಿದ್ದಕ್ಕೆ ಎದುರು ದಿಕ್ಕಿಗೆ ತಿರುಗುವ ಚೆಂಡಿಗೆ, ಮತ್ತೆ ಮತ್ತೆ ಬೌಲ್ಡ್ ಆಗಿ ನಕ್ಕು, ತನ್ನ ಊರಿನ ಕ್ಲಬ್ಬಿಗೆ ಬರೆದು ಇವನಿಗೆ ಕರೆ ತರಿಸಿದ. ಒಂದು ಬೇಸಿಗೆ ಅಲ್ಲಿ ಆಡುವುದು. ಆಟಕ್ಕೆ ಸಂಬಳ ಇಲ್ಲ. ವಾರದ ದಿನ ಅಲ್ಲಿನ ವರ್ಕ್‌ಶಾಪಿನಲ್ಲಿ ಕೆಲಸ, ಶನಿವಾರ ಮ್ಯಾಚು. ನಮ್ಮ ಕಾರ್ಖಾನೆಯವರು ರಜೆ ಕೊಟ್ಟರು. ಹೋಗುವುದು ಅವನೊಬ್ಬನೇ, ಮುಂದಿನ ಏಪ್ರಿಲಿಗೆ.

ಇಲ್ಲೊಂದು ತೊಡಕಿತ್ತು. ನಾವು ಆಡುತ್ತಿದ್ದುದು ತೆಂಗಿನ ನಾರಿನ ಮ್ಯಾಟಿನ ಮೇಲೆ. ಗಟ್ಟಿ ನೆಲಕ್ಕೆ ಮ್ಯಾಟ್ ಹಾಸಿ, ಮೊಳೆ ಹೊಡೆದು, ಬಿಗಿ ಮಾಡಿ ಆಡುವುದು. ಅದರ ಮೇಲೆ ಬಿದ್ದ ಚೆಂಡು ಹಾವಿನಂತೆ ಮೇಲೆದ್ದು ತಿರುಗುತ್ತದೆ. ಇಂಗ್ಲೆಂಡಿನಲ್ಲಿ ಹಸಿ ಹುಲ್ಲು. ಹುಲ್ಲಿನ ಪಿಚ್ಚನ್ನು ಅವನು ಕಂಡಿರಲಿಲ್ಲ, ನಾನಂತೂ ಮೊದಲೇ ಇಲ್ಲ. ಆಗ ಅವನ ತಲೆಗೆ ಹೊಳೆದದ್ದು ಮನೆಯ ಹಿಂದಿನ ರಾಗಿ ಕಣ. ಮಳೆಗಾಲದಲ್ಲಿ ಹೇಗೂ ಅದು ಖಾಲಿ. ಅಪ್ಪ ನೆಂಟರ ಮನೆಗೆ ಹೋಗಿದ್ದಾಗ ಕೆರೆ ಅಂಗಳದಿಂದ ಗರಿಕೆ ಕಿತ್ತು ತಂದು ಕಣದ ನಡುವೆ ಪಟ್ಟಿಯಾಗಿ ನೆಟ್ಟ. ರಾಗಿ ಒಕ್ಕಲು ಎತ್ತು ಕಟ್ಟಿ ಉರುಳಿಸುವ ಕಲ್ಲಿನ ಗುಂಡನ್ನೇ ಅದರ ಮೇಲೆ ರೋಲರ್ ಮಾಡಿಕೊಂಡ.

ಒಕ್ಕಲು ಮನೆಯವರಿಗೆ ಇದು ಎಂಥ ಅಪಚಾರವೆಂದು ಪೇಟೆಯವರಿಗೆ ತಿಳಿಯಲಿಕ್ಕಿಲ್ಲ. ಕಣವನ್ನು ಸಗಣಿಯಲ್ಲಿ ಸಾರಿಸಿ ಪೂಜೆ ಮಾಡುತ್ತಾರೆ, ಚಪ್ಪಲಿ ಮೆಟ್ಟಿ ಕಾಲಿಡುವುದಿಲ್ಲ. ಕಣದಲ್ಲಿ ಹುಲ್ಲು ಬೆಳೆದರೆ ಆ ಮನೆಯಲ್ಲಿ ಒಕ್ಕಲು ನಿಂತುಹೋಯಿತು ಎಂದರ್ಥ. ಗೌಡರು ಬಂದು ನೋಡಿದವರು ದೊಣ್ಣೆ ತೆಗೆದುಕೊಂಡರು. "ಕಣದಾಗೆ ಉಲ್ಲು ಬೆಳ್ಸೀಯೇನ್ಲಾ? ಮನೆ ಆಳಾಗೋಗ್ಲಿ ಅಂತಾನಾ?" ಎಂದು ಕೂಗಾಡಿದರು. ಇವನು ಕಾಲು ಹಿಡಿದ, ತಾಯಿ ಅತ್ತರು. ಸುಗ್ಗಿ ಬಂದಾಗಲೂ ಇವನು ಹುಲ್ಲು ಕೆರೆಯಲು ಬಿಡಲಿಲ್ಲ. ಆ ವರ್ಷ ಅವನ ಅಣ್ಣಂದಿರು ಪಕ್ಕದ ಹೊಲದವರ ಕಣದಲ್ಲಿ ರಾಗಿ ಒಕ್ಕಬೇಕಾಯಿತು. ಮಗ ಸೀಮೆಗೆ ಹೋಗುತ್ತಾನೆಂಬ ಹೆಮ್ಮೆ ಒಳಗೊಳಗೇ ಇದ್ದುದರಿಂದ ಗೌಡರು ಹಲ್ಲು ಕಚ್ಚಿಕೊಂಡು ಸಹಿಸಿದರು.

ಸಹಿಸದೇ ಇದ್ದದ್ದು ಒಂದೇ. ಮೊದಲ ದಿನ ನಾನು ಗ್ಲೌಸು ಹಾಕಿಕೊಂಡು ಸ್ಟಂಪಿನ ಹಿಂದೆ ಬಂದು ಕೂತಾಗ ಗೌಡರು ಜಗುಲಿಯಿಂದಲೇ, "ಲೇ, ಕಣದಿಂದ ಆಚೆ ಕೂತ್ಕೊಂಡ್ ಇಡ್ಕೊಳ್ಳಾ" ಎಂದರು. ನಮ್ಮಪ್ಪ ಅದೇ ಕಣವನ್ನು ವರ್ಷವರ್ಷ ಸಾರಿಸಿದವನು, ಅದೇ ಕಣದಲ್ಲಿ ರಾಗಿ ಬಡಿದವನು. ಕೂಲಿಗಾದರೆ ಒಳಗೆ, ಆಟಕ್ಕಾದರೆ ಹೊರಗೆ! ಇವನು ಏನು ಮಾಡಿದ ಗೊತ್ತೆ? ಸ್ಟಂಪನ್ನು ಕಿತ್ತು ಕಣದ ಅಂಚಿಗೆ ನೆಟ್ಟ. "ಸರಿ ಹೋಯ್ತಲ್ಲ, ಉದ್ದಾನೂ ಸರಿಯಾಗೈತೆ" ಎಂದ. ಅವನ ಲೆಕ್ಕಕ್ಕೆ ಅದು ಬರೀ ಅಳತೆಯ ವಿಷಯ. ಚೆಂಡು ಹಸಿ ಹುಲ್ಲಿನಲ್ಲಿ ಕುಂಟುತ್ತ ಬಂದು ನಡುವೆಯೇ ನಿಂತರೆ, "ಮುಂದ್ ಬಂದು ತಗೊಳ್ಳೋ, ಯಾಕೋ ಗೂಟ ಹೊಡ್ದಂಗ್ ಕೂತಿದೀಯ!" ಎಂದು ನನಗೇ ರೇಗುತ್ತಿದ್ದ. "ನಿಮ್ಮಪ್ಪನ್ನ ಕೇಳು" ಎನ್ನುತ್ತಿದ್ದೆ. ಅವನು ನಕ್ಕು ತಾನೇ ಬಂದು ಎತ್ತಿಕೊಳ್ಳುತ್ತಿದ್ದ. ಆಟ ಮುಗಿದ ಮೇಲೆ ಅವನ ತಾಯಿ ಜಗುಲಿಗೆ ಕಾಫಿ ತರುತ್ತಿದ್ದರು. ನನ್ನನ್ನು "ಮಗಾ" ಎಂದೇ ಕರೆಯುತ್ತಿದ್ದರು, ತಮ್ಮ ಮಕ್ಕಳಿಗಿಂತ ನನಗೇ ಹೆಚ್ಚು ಬೆಲ್ಲ. ಆದರೆ ನನ್ನ ಲೋಟ ಬೇರೆ. ಕುಡಿದು, ತೊಳೆದು, ಜಗುಲಿಯ ಮೂಲೆಯಲ್ಲಿ ಕವುಚಿ ಇಡಬೇಕು.

ಬೌಲಿಂಗಿಗಿಂತ ಕಷ್ಟದ ತಯಾರಿ ಇನ್ನೊಂದಿತ್ತು. ಅವನು ಹುಟ್ಟಿದಾಗಿನಿಂದ ಒಂದು ಕ್ಷಣ ಒಂಟಿಯಾಗಿದ್ದವನಲ್ಲ. ಪಡಸಾಲೆಯಲ್ಲಿ ಅಣ್ಣತಮ್ಮಂದಿರ ನಡುವೆ ಮಲಗಿ ಬೆಳೆದವನು. ರೈಲಿನ ಟಿಕೀಟನ್ನು ಕೂಡ ಯಾವಾಗಲೂ ಯಾರೋ ಕೊಂಡುಕೊಡುತ್ತಿದ್ದರು. ಪಾಸ್‌ಪೋರ್ಟಿಗೆ ಮದರಾಸಿಗೆ ಬರೆದದ್ದಾಯಿತು, ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡದ್ದಾಯಿತು, ಟೈ ಕಟ್ಟುವುದನ್ನು ಕಲಿತದ್ದಾಯಿತು. ಚಳಿ ಅಭ್ಯಾಸವಾಗಲಿ ಎಂದು ಧನುರ್ಮಾಸದ ಬೆಳಗ್ಗೆ ಬಾವಿಯ ನೀರು ಸುರಿದುಕೊಂಡು ಹಲ್ಲು ಕಟಕಟ ಎನ್ನಿಸಿದ್ದೂ ಆಯಿತು. ಒಂಟಿಯಾಗಿರುವುದು ಮಾತ್ರ ಬರಲಿಲ್ಲ.

ಅದಕ್ಕೆ ನನ್ನ ಹತ್ತಿರ ಬಂದ. ಮಧ್ಯಾಹ್ನದ ಊಟಕ್ಕೆ ಕಾರ್ಖಾನೆಯಲ್ಲಿ ಊರೂರಿನವರು ತಮ್ಮ ತಮ್ಮ ಗುಂಪು ಕಟ್ಟಿಕೊಂಡು ಕೂರುತ್ತಿದ್ದರು. ನಾನು ಷೆಡ್ಡಿನ ಹಿಂದೆ ಹೊಂಗೆ ಮರದ ಕೆಳಗೆ ಒಬ್ಬನೇ ಡಬ್ಬಿ ಬಿಚ್ಚುತ್ತಿದ್ದೆ. "ನೀನ್ ಹೆಂಗೋ ಒಬ್ನೇ ಕೂತು ಊಟ ಮಾಡ್ತೀಯ? ಬೇಜಾರಾಗಲ್ವಾ? ನನಗೂ ಸ್ವಲ್ಪ ಹೇಳ್ಕೊಡೋ" ಎಂದ. ಮುಖದಲ್ಲಿ ಎಳ್ಳಷ್ಟೂ ಕಪಟವಿಲ್ಲ. ನಿಜವಾಗಿಯೂ ಅದು ನನ್ನ ಇಷ್ಟ ಎಂದುಕೊಂಡಿದ್ದ! ಡಬ್ಬಿ ಎತ್ತಿ ತಲೆಗೆ ಕುಕ್ಕೋಣ ಎನ್ನಿಸಿತು. ಕುಕ್ಕಲಿಲ್ಲ, ಹೇಳಿಕೊಟ್ಟೆ.

ಒಂದು ಭಾನುವಾರ ಪೂರ್ತಿ ದ್ರಾಕ್ಷಿ ತೋಟದ ಪಂಪ್‌ಮನೆಯಲ್ಲಿ ಒಬ್ಬನೇ ಇರು ಎಂದೆ. ಮಧ್ಯಾಹ್ನಕ್ಕೆ ಮುಂಚೆಯೇ ದಾರಿಹೋಕ ಬಳೆಗಾರನನ್ನು ಕೂಗಿ ಕರೆದು, ಕೂರಿಸಿ, ಅವನ ಮಗಳ ಮದುವೆಯ ವಿಷಯ ಮಾತಾಡುತ್ತಿದ್ದ. ಯಲಹಂಕದಿಂದ ಯಶವಂತಪುರಕ್ಕೆ ರೈಲಿನಲ್ಲಿ ಯಾರನ್ನೂ ಮಾತಾಡಿಸದೆ ಹೋಗಿ ಬಾ ಎಂದೆ. ಇಳಿಯುವಾಗ ಅವನ ಕೈಯಲ್ಲಿ ಯಾರದೋ ಕೂಸು! ಆದರೂ ಬಿಡದೆ ಕಲಿಸಿದೆ. ತಿನ್ನುವಾಗ ತಟ್ಟೆಯನ್ನೇ ನೋಡು, ಪಕ್ಕದವರು ನಕ್ಕರೆ ನಿನ್ನನ್ನೇ ನೋಡಿ ನಕ್ಕರು ಎಂದುಕೊಳ್ಳಬೇಡ, ಯಾರಾದರೂ ಕರೆಯುತ್ತಾರೇನೋ ಎಂದು ಕತ್ತೆತ್ತಬೇಡ ಎಂದೆ. ಅವನು ವಿಧೇಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದ. ಇಷ್ಟೆಲ್ಲ ನಿನಗೆ ಹೇಗೆ ಗೊತ್ತು ಎಂದು ಮಾತ್ರ ಕೇಳಲಿಲ್ಲ.

ಏಪ್ರಿಲಿನಲ್ಲಿ ಹೋದ. ಬೊಂಬಾಯಿಯಿಂದ ಹಡಗು. ಯಶವಂತಪುರದಲ್ಲಿ ಅವನ ರೈಲು ಹೊರಡುವ ಹೊತ್ತಿಗೆ ಬೋಗಿಯ ಜನವೆಲ್ಲ ಅವನಿಗೆ ನೆಂಟರಾಗಿದ್ದರು.

ಸೆಪ್ಟೆಂಬರಿನ ತನಕ ಇರಬೇಕಾಗಿದ್ದವನು ಆಷಾಢ ಮುಗಿಯುವುದರೊಳಗೆ ಬಂದುಬಿಟ್ಟ. ಡ್ಯೂಟಿಗೆ ಬಂದ ಮೊದಲ ದಿನವೇ ತನ್ನ ಡಬ್ಬಿ ಹಿಡಿದುಕೊಂಡು ಹೊಂಗೆ ಮರದ ಕೆಳಗೆ ಬಂದು ನನ್ನೆದುರು ಕೂತ. ಡಬ್ಬಿಯನ್ನೇ ನೋಡುತ್ತ ತಿಂದ. ನಾನು ಕಲಿಸಿದ್ದನ್ನು ಚೆನ್ನಾಗಿಯೇ ಕಲಿತಿದ್ದ. ಆಮೇಲೆ ಹೇಳಿದ.

ಅಲ್ಲಿ ಮ್ಯಾಚು ಮುಗಿದ ಮೇಲೆ ತಂಡದವರೆಲ್ಲ ಒಂದು ಕ್ಲಬ್ಬಿಗೆ ಹೋಗಿ ಕುಡಿಯುವುದು ರೂಢಿ. ಗಿರಣಿ ಕೆಲಸಗಾರರ ಕ್ಲಬ್ಬು. ಬಿಳಿಯರಲ್ಲದವರನ್ನು ಒಳಗೆ ಬಿಡುವುದಿಲ್ಲ.

"ಬಾಗಿಲಲ್ಲೇ ತಡೆದ್ರು ಕಣೋ" ಎಂದ. "ಕ್ಯಾಪ್ಟನ್ ಮುಖ ಕೆಂಪಗಾಯ್ತು. ಇಲ್ಲಿ ರೂಲ್ಸ್ ಹಿಂಗೆ, ತಪ್ಪು ತಿಳ್ಕೋಬೇಡ, ನಿನ್ ಗ್ಲಾಸ್ ಇಲ್ಲಿಗೇ ಕಳಿಸ್ತೀನಿ ಅಂದ. ಕಳಿಸ್ದ. ಪ್ರತಿ ಶನಿವಾರ ಮೆಟ್ಟಿಲ ಮೇಲೆ ಕೂತು ಪಾನಕ ಕುಡ್ದೆ. ಕೆಟ್ಟೋರಲ್ಲ ಕಣೋ ಅವ್ರು, ಅದೇ ಕಷ್ಟ. ನಾನಾಡಿದ ಕೊನೇ ಮ್ಯಾಚಲ್ಲಿ ನನ್ ಬೌಲಿಂಗಲ್ಲೇ ಗೆದ್ರು. ಖುಷಿಗೆ ನನಗೊಂದು ಬೆಂಚ್ ಮಾಡಿಸಿದ್ರು. ಹೊರಗಡೆ. ಮೇಲೊಂದು ದಿಂಬು, ಮಳೆ ಬೀಳ್ದಿರ್ಲಿ ಅಂತ ತಗಡು. ಬೆಂಚಿನ ಮೇಲೆ ನನ್ ಹೆಸರು ಬೇರೆ ಬರೆಸಿದ್ರು. ಎಲ್ರೂ ಚಪ್ಪಾಳೆ ತಟ್ಟಿದ್ರು. ಅದನ್ನ ನೋಡ್ತಿದ್ದಂಗೆ ನಮ್ಮವ್ವ ನಿನಗೆ ಕಾಫಿ ಕೊಡೋ ಲೋಟ ನೆನಪಾಯ್ತು. ಕೂರೋಕ್ ಆಗ್ಲಿಲ್ಲ."

"ಈಗ ನೆನಪಾಯ್ತಾ?" ಎಂದೆ.

"ನೀನ್ ಯಾವತ್ತೂ ಹೇಳ್ಳಿಲ್ಲ."

"ಹೇಳ್ಬೇಕಿತ್ತಾ? ನಿನ್ ಗೂಗ್ಲಿ ನಾನು ಕೈ ನೋಡಿ ಹೇಳ್ತೀನಿ. ನನ್ ಮುಖ ನೋಡಿ ನಿನಗ್ ಇಷ್ಟೂ ಗೊತ್ತಾಗ್ಲಿಲ್ವಾ?"

ಈ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಅವನು ಸತ್ತನೆಂದು ಇಳಿಸಿಕೊಳ್ಳಲಾರೆ. ಪಿಚ್ಚಿನ ಆ ತುದಿಯಲ್ಲಿ ಕೂತವನ ಪಾಡು ತಿಳಿಯುವುದಕ್ಕೆ ಏಳು ಸಮುದ್ರ ದಾಟಿ ಹೋಗಬೇಕಾಯಿತೆ? ಅವನಿಗೆ ಕೆಲವು ಶನಿವಾರ ಆದದ್ದು ನನಗೆ ಹುಟ್ಟಿದಾರಭ್ಯ ಆಗುತ್ತಿತ್ತು. ನನಗೆ ವಾಪಸ್ಸು ಬರಲು ಯಾವ ಹಡಗಿತ್ತು?

ಅವನು ಡಬ್ಬಿ ಮುಚ್ಚಿಟ್ಟ. ಆಮೇಲೆ, "ಇವತ್ತು ಸಾಯಂಕಾಲ ಬಾ, ನಮ್ಮನೇಲಿ ಊಟ. ಒಳಗೆ, ನನ್ ಪಕ್ಕ" ಎಂದ.

"ಆಮೇಲೆ?"

"ಆಮೇಲೇನು?"

"ನಿಮ್ಮಪ್ಪ ನಿನ್ ಕೆನ್ನೆಗ್ ಒಂದ್ ಬಿಡ್ತಾರೆ, ಅಲ್ಲಿಗ್ ಮುಗೀತು. ನಮ್ ಕೇರಿಗೆ ಬರೋ ದೊಣ್ಣೆಗಳಿಗೆ ಯಾರ್ ಬೆನ್ ಕೊಡ್ಬೇಕು? ನಾಳೆ ನಮ್ಮಪ್ಪ ಯಾರ್ ಹೊಲಕ್ಕೆ ಕೂಲಿಗ್ ಹೋಗ್ಬೇಕು? ಅಲ್ಲಿ ನಿನಗ್ ಅವಮಾನ ಆಯ್ತು ಅಂತ ಇಲ್ಲಿ ನಾನ್ ಏಟ್ ತಿನ್ಬೇಕಾ?"

ಅವನು ಇದನ್ನೂ ಯೋಚಿಸಿರಲಿಲ್ಲ. ಅವತ್ತು ಅವನ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದುದನ್ನು ನೋಡಿದೆ.

ಆ ಸಂಜೆ ಅವನು ತಟ್ಟೆ ತೆಗೆದುಕೊಂಡು ಬಂದು ಜಗುಲಿಯಲ್ಲಿ ಕೂತು ಉಂಡನಂತೆ. ಮಾರನೆಯ ದಿನವೂ ಅಲ್ಲೇ. "ಒಳಕ್ ಬಾರೋ, ನೋಡ್ದೋರು ಏನಂದಾರು" ಎಂದು ತಾಯಿ ಬೇಡಿಕೊಂಡರೆ, "ಅವನು ಒಳಕ್ ಬರೋಗಂಟ ನಾನೂ ಇಲ್ಲೇ ಕಣವ್ವ" ಎಂದ. ಗೌಡರು ಮೊದಲು ಬೈದರು, ಆಮೇಲೆ ಮಾತು ಬಿಟ್ಟರು. ಮಗ ಕೇರಿಯವನಿಗಾಗಿ ಜಗುಲಿಯಲ್ಲಿ ಉಣ್ಣುತ್ತಾನೆಂದು ಊರಿಗೆ ಗೊತ್ತಾದರೆ ಮಾನ ಹೋಗುತ್ತದಲ್ಲ. ಯಾರಾದರೂ ಕೇಳಿದರೆ, "ಸೀಮೇಲಿ ಮುದ್ದೆ ಸಿಕ್ಕಲಿಲ್ವಂತೆ, ಅದ್ಕೇ ಬಂದ್ಬುಟ್ಟ. ವಸಿ ಉಚ್ಚು ಇಡ್ದೈತೆ" ಎಂದು ತಾವೇ ಹೇಳಿಕೊಂಡು ತಿರುಗಿದರು. ಈ ಮುದ್ದೆಯ ಕಥೆ ಹುಟ್ಟಿದ್ದು ಹಾಗೆ. ಇವನು ಕೇಳಿದವರಿಗೆಲ್ಲ ನಿಜವನ್ನೇ ಹೇಳಿದ. ಕೇಳಿಸಿಕೊಂಡವರು ಕೆಮ್ಮಿ, ಮಳೆ ಬೆಳೆಯ ಮಾತು ತೆಗೆದು, ಮಾರನೆಯ ದಿನ ಮುದ್ದೆಯ ಕಥೆಯನ್ನೇ ಹೇಳುತ್ತಿದ್ದರು. ಆ ಹನ್ನೆರಡನೆಯ ಆಟಗಾರರೂ ಕೆಮ್ಮಿದವರಲ್ಲಿ ಒಬ್ಬರು.

ಮುಂದೆ ಅವನು ಜಾಲಹಳ್ಳಿಯಲ್ಲಿ ಕ್ವಾರ್ಟರ್ಸ್ ಹಿಡಿದ. ಅಲ್ಲಿ ನಾವಿಬ್ಬರೂ ಒಟ್ಟಿಗೆ ಅಡುಗೆ ಮಾಡಿಕೊಂಡು ತಿಂದದ್ದಕ್ಕೆ ಲೆಕ್ಕವಿಲ್ಲ. ಅವನ ಅಡುಗೆ ಕೆಟ್ಟದಾಗಿರುತ್ತಿತ್ತು, ಜಂಬ ಮಾತ್ರ ಕಡಿಮೆಯಾಗಲಿಲ್ಲ. ಮದುವೆಯಾಗಲಿಲ್ಲ, ಇವನಿಗೆ ಹೆಣ್ಣು ಕೊಡುವವರು ಹಿಂದೆ ಸರಿದರು, ಕೊಡಲು ಬಂದ ಒಬ್ಬಿಬ್ಬರು ಹಾಕಿದ ಷರತ್ತಿಗೆ ಇವನು ಒಪ್ಪಲಿಲ್ಲ. ಆ ಷರತ್ತು ನಾನೇ. ಅವನ ತಾಯಿ ಆಗಾಗ ಅವರೆಕಾಳು ಹೊತ್ತು ತಂದು, ಸಾರು ಮಾಡಿ, ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ಬಡಿಸುತ್ತಿದ್ದರು. ನೀವೂ ಕೂತ್ಕೊಳ್ಳಿ ಎಂದರೆ, ಮನೆಗೆ ಹೋಗಿ ಉಣ್ಣುತ್ತೇನೆಂದು ಹಸಿದುಕೊಂಡೇ ಹೊರಡುತ್ತಿದ್ದರು. ಸಾಯುವ ತನಕ ಹಾಗೆಯೇ ಮಾಡಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಬರಲಿಲ್ಲ, ಮಾಡಿಕೊಳ್ಳಬೇಕಾಗಿತ್ತು.

ಆ ಸಭೆಯಾದ ಕೆಲವು ದಿನಕ್ಕೆ ಅವನ ತಿಥಿ. ಅಣ್ಣನ ಮಕ್ಕಳು ಊರಿನ ಮನೆಯಲ್ಲೇ ಮಾಡಿದರು. ಹೊಲವೆಲ್ಲ ಲೇಔಟಾಗಿ, ಮನೆ ಈಗ ನಾಲ್ಕಂತಸ್ತು. ಗೇಟಿನಲ್ಲೇ ಅಣ್ಣನ ಮಗ ಕೈ ಹಿಡಿದುಕೊಂಡ. ಬಹಳ ಮರ್ಯಾದಸ್ತ ಹುಡುಗ. "ಬನ್ನಿ ಅಂಕಲ್, ಬನ್ನಿ. ಒಳಗೆ ತುಂಬಾ ರಶ್ಶು. ನಿಮಗೇ ಅಂತ ಇಲ್ಲೇ ಶಾಮಿಯಾನದ ಕೆಳಗೆ ಟೇಬಲ್ ಹಾಕ್ಸಿದೀನಿ, ಫ್ಯಾನೂ ಇದೆ, ಆರಾಮಾಗ್ ಕೂತ್ಕೊಳ್ಳಿ" ಎಂದ. ಬಾಗಿಲಲ್ಲಿ ಇಣುಕಿದೆ. ಪಂಕ್ತಿಯಲ್ಲಿ ಅರ್ಧಕ್ಕರ್ಧ ಎಲೆ ಖಾಲಿ.

ಈಗ ನಮ್ಮಪ್ಪ ಇಲ್ಲ, ಕೂಲಿಯ ಹೊಲವೂ ಇಲ್ಲ. ಯಾರ ಬೆನ್ನಿಗಾಗಿಯೂ ನಾನು ಹೆದರಬೇಕಾಗಿರಲಿಲ್ಲ. "ಫ್ಯಾನು ನೀನ್ ಹಾಕ್ಕೊಳ್ಳಪ್ಪ" ಎಂದು ಹೇಳಿ, ಚಪ್ಪಲಿ ಬಿಟ್ಟು, ಒಳಗೆ ಹೋಗಿ ನಡುಮನೆಯ ಮೊದಲ ಸಾಲಿನಲ್ಲೇ ಕೂತೆ. ಯಾರೂ ತಡೆಯಲಿಲ್ಲ. ಪಕ್ಕದ ಎಲೆಯವರು ಕೈತೊಳೆದು ಬರುತ್ತೇನೆಂದು ಎದ್ದವರು ಬರಲಿಲ್ಲ. ಬಡಿಸಿದರು. ಕಲಸಿ ಬಾಯಿಗಿಟ್ಟೆ.

"ಯಾರ್ರೀ ಅಡುಗೆ ಮಾಡ್ದೋರು? ಸಾರಿಗೆ ಉಪ್ಪೇ ಇಲ್ವಲ್ರೀ!" ಎಂದು ಇಡೀ ಮನೆಗೆ ಕೇಳುವ ಹಾಗೆ ಕೂಗಿದೆ.

ಅಣ್ಣನ ಮಗ ಓಡಿ ಬಂದು, ಬಗ್ಗಿ, ತಾನೇ ನನ್ನ ಎಲೆಗೆ ಉಪ್ಪು ಬಡಿಸಿದ. ಸಾಲದು ಎಂದೆ. ಇನ್ನಷ್ಟು ಬಡಿಸಿದ. ಕಲಸಿಕೊಂಡು, ಮತ್ತೊಂದು ಸಲ ಅನ್ನ ಹಾಕಿಸಿಕೊಂಡು, ಪಾಯಸ ಬರುವ ತನಕ ಕೂತೇ ಇದ್ದೆ.